ಹಕ್ಕಿಯ ಹೆಸರಿಲ್ಲದ ಸಾಲು

ಎಣಿಕೆ ಪುಸ್ತಕದ ಎಪ್ಪತ್ತೊಂದನೆಯ ಸಾಲಿನಲ್ಲಿ ಸಂಖ್ಯೆ ಇತ್ತು, ಜಾಗ ಇತ್ತು. ಹಕ್ಕಿಯ ಹೆಸರು ಇರಲಿಲ್ಲ.

“ಇದೇನಿದು? ಎರಡು ಏನು?” ಎಂದು ಮಗಾಕ್ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದ. ರಾಷ್ಟ್ರೀಯ ಉದ್ಯಾನದ ಹಳೆಯ ಕಾವಲುಗಾರನಾದ ಅವನೂ ಹೊಸದಾಗಿ ಕೆಲಸಕ್ಕೆ ಸೇರಿದ ಅಡಿಕಿನಿಯೂ ಬೆಳಿಗ್ಗೆ ಆರಕ್ಕೆ ಹೊರಟು, ದೋಣಿಯಲ್ಲಿ ದ್ವೀಪವನ್ನು ಒಂದು ಸುತ್ತು ಹಾಕಿ, ಈಗಷ್ಟೇ ದಡದ ಮರಳಿನಲ್ಲಿ ಒಟ್ಟು ಹಾಕಲು ಕೂತಿದ್ದರು. ಜನವರಿಯ ನೀರುಹಕ್ಕಿ ಎಣಿಕೆಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಮೋಟಾರಿನ ಬಳಿ ಕೂತವರು ದುರ್ಬೀನಿನಲ್ಲಿ ನೋಡಿ ಕೂಗಬೇಕು. ಮುಂದೆ, ಅವರಿಗೆ ಬೆನ್ನು ಹಾಕಿ ಕೂತವರು ತಲೆ ಎತ್ತದೆ, ಕೇಳಿದ್ದನ್ನು ಗಟ್ಟಿಯಾಗಿ ಒಮ್ಮೆ ಹೇಳಿ ಬರೆಯಬೇಕು.

“ನೀವು ಹೇಳಿದ್ದೇ ಅಷ್ಟು, ಮಾಮಾ. ಹೆಬ್ಬಾವಿನ ಬಂಡೆ ಹತ್ರ ಮೋಟಾರ್ ನಿಲ್ಲಿಸಿದ್ರಲ್ಲ, ಆಗ. ‘ಎರಡು’ ಅಂದ್ರಿ. ನಾನೂ ‘ಎರಡು’ ಅಂದೆ. ಹೆಸರು ಬರ್ಲಿ ಅಂತ ಕಾದೆ, ಬರ್ಲೇ ಇಲ್ಲ.”

“ಇಪ್ಪತ್ತು ವರ್ಷದಲ್ಲಿ ನಾನು ಯಾವತ್ತಾದ್ರೂ ಸಂಖ್ಯೆ ಮೊದಲು ಕೂಗಿದ್ದುಂಟಾ? ಹಕ್ಕಿ ಮೊದಲು, ಲೆಕ್ಕ ಆಮೇಲೆ. ಹಿಂಗೆ ಉಲ್ಟಾ ಕೂಗ್ತಿದ್ದವನು…” ಮಗಾಕ್ ಅಲ್ಲಿಗೇ ನಿಲ್ಲಿಸಿದ.

ಉಲ್ಟಾ ಕೂಗುತ್ತಿದ್ದವನು ಒಗೊಲ, ಅಡಿಕಿನಿಯ ಅಪ್ಪ. ‘ಹನ್ನೆರಡು, ನೀರುಕಾಗೆ. ಏಳು, ಬೆಳ್ಳಕ್ಕಿ.’ ಹೆಣ್ಣು ಕೇಳಲು ಹೋದಾಗಲೂ ದನ ಎಷ್ಟು ಕೊಡಬೇಕೆಂದು ಮೊದಲು ಕೇಳಿ, ಹುಡುಗಿಯ ಹೆಸರನ್ನು ಆಮೇಲೆ ಕೇಳಿದನಂತೆ ಎಂದು ಕಾವಲುಗಾರರೆಲ್ಲ ಅವನನ್ನು ಆಡಿಕೊಳ್ಳುತ್ತಿದ್ದರು. ಗಸ್ತಿನಲ್ಲಿ ಅವನ ಜೋಡಿ ಮಗಾಕ್. ಕಳೆದ ಜುಲೈಯಲ್ಲಿ ಮಗಾಕ್ ಜ್ವರವೆಂದು ಮಲಗಿದ್ದ ದಿನ ಒಗೊಲ ಒಬ್ಬನೇ ಹೋಗಿದ್ದನಂತೆ. ದೋಣಿ ಎರಡು ದಿನದ ಮೇಲೆ ದಕ್ಷಿಣದ ಜೊಂಡಿನಲ್ಲಿ ಸಿಕ್ಕಿತು. ಒಗೊಲ ಸಿಕ್ಕಲಿಲ್ಲ. ಲೊಲ್ವೆಯಂಥ, ಕಡಲಿನಷ್ಟು ದೊಡ್ಡ ಸರೋವರದಲ್ಲಿ ಎಲ್ಲಿ ಅಂತ ಹುಡುಕುವುದು? ದೇಹ ಸಿಗದವನ ಬದಲಿಗೆ ಯಾಗೊ ಮರದ ಕಾಯಿಯನ್ನು ಹೂಳುವುದು ಪದ್ಧತಿ. ಮೊಳದುದ್ದದ ಆ ಕಾಯಿಯನ್ನು ನಿನ್ನೆಯೇ ಕೊಯ್ದು, ತೊಳೆದು, ಬಿಳಿ ಬಟ್ಟೆ ಸುತ್ತಿ ಅಡಿಕಿನಿಯ ಅಮ್ಮನ ಗುಡಿಸಲಿನಲ್ಲಿ ಮಲಗಿಸಿದ್ದರು. ನಾಳೆ ಶನಿವಾರ ಅದು ಮಣ್ಣಿಗೆ ಹೋದರೆ ಆಮೇಲೆ ಯಾರೂ ಒಗೊಲನನ್ನು ಹುಡುಕುವಂತಿಲ್ಲ. ಅದಕ್ಕೂ ಮೊದಲು ಒಂದು ಸಲ ನೀರಿನ ಮೇಲೆ ಕಣ್ಣಾಡಿಸಬೇಕೆಂದೇ ಅಡಿಕಿನಿ ಎಣಿಕೆಗೆ ಹೆಸರು ಕೊಟ್ಟಿದ್ದಳು. ಅವಳ ಪಾಲಿಗೆ ಬಂದದ್ದು ಮಾತ್ರ ತಲೆ ಎತ್ತಬಾರದ ಕೆಲಸ.

“ಗಾಳಿ ಇರ್ಬೇಕು,” ಎಂದ ಮಗಾಕ್. “ಬಿಸಿಲಿಗೆ ಕಿವಿನೂ ಸುಳ್ಳು ಹೇಳ್ತದೆ. ಹೊಡೆದುಹಾಕು ಆ ಸಾಲನ್ನ.”

“ಕೇಳಿದ್ದನ್ನ ಹೊಡೆಯೋ ಹಂಗಿಲ್ಲ. ಅಪ್ಪನಿಗೆ ಅದನ್ನ ಕಲಿಸಿದೋರು ನೀವೇ ಅಂತೆ.” ಅವಳು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು. “ಬಂಡೆ ಹತ್ರ ಯಾವ ಹಕ್ಕಿ ಇತ್ತು?”

“ಯಾವುದೂ ಇಲ್ಲ. ಆರು ತಿಂಗಳಿಂದ ಅಲ್ಲಿ ಒಂದು ನೀರುಕಾಗೆನೂ ಕೂತಿಲ್ಲ.”

“ಮತ್ತೆ ಮೋಟಾರ್ ಯಾಕೆ ನಿಲ್ಲಿಸಿದ್ರಿ?”

“ನಾನು ನಿಲ್ಲಿಸ್ಲಿಲ್ಲ ಮಗಳೇ. ಅದೇ ನಿಂತ್ಹೋಯ್ತು.”

ದಡದುದ್ದಕ್ಕೂ ಒಣಹಾಕಿದ ಒಮೆನಾ ಮೀನಿನ ವಾಸನೆಗೆ ಎರಗಬೇಕಾಗಿದ್ದ ಕೊಕ್ಕರೆಗಳು ಅಷ್ಟು ದೂರದಲ್ಲಿ ಸಾಲಾಗಿ ನಿಂತು ನೋಡುತ್ತಿದ್ದವು. ಒಂದೂ ಹತ್ತಿರ ಬರಲಿಲ್ಲ. ಅಡಿಕಿನಿ ಆ ಸಾಲನ್ನು ಇನ್ನೊಮ್ಮೆ ಓದಿದಳು. ಕಿವಿಗೆ ಬಿದ್ದ ದನಿ ಯಾರದೆಂದು ಅವಳು ಆಗ ಯೋಚಿಸಿರಲಿಲ್ಲ. ಹಿಂದಿನಿಂದ ಬಂದಿತ್ತು, ಬರೆದಿದ್ದಳು.

“ಮಾಮಾ,” ಎಂದಳು ತಲೆ ಎತ್ತದೆ. “ಜುಲೈಯಲ್ಲಿ ಅಪ್ಪನ ದೋಣೀಲಿ ಎಷ್ಟು ಜನ ಇದ್ರು?”

ಮಗಾಕ್ ದುರ್ಬೀನಿನ ಪಟ್ಟಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

“ಆ ಬಂಡೆ ಹತ್ರಾನೇ ನೀರಾನೆ ಅಡಿಯಿಂದ ಎದ್ದು ದೋಣಿನ ಎತ್ತಿಹಾಕ್ತು,” ಎಂದ. “ನಾನು ದಡದ ಕಡೆ ಈಜಿದೆ. ಅವನು ಹಿಂದಿನಿಂದ ನನ್ನ ಹೆಸರು ಹಿಡಿದು ಕೂಗ್ತಾ ಇದ್ದ. ತಿರುಗಿ ನೋಡಿದ್ರೆ ವಾಪಸ್ ಹೋಗ್ಬೇಕಾಗ್ತಿತ್ತು. ನೋಡ್ಲಿಲ್ಲ. ಮನೆಗೆ ಬಂದು ಕಂಬಳಿ ಹೊದ್ದು ಜ್ವರ ಅಂದೆ. ನಾಳೆ ಆ ಕಾಯಿ ಹೂತ್ರೆ ಮುಗೀತದೆ ಅಂದ್ಕೊಂಡಿದ್ದೆ.”

“ನಾನು ಕೇಳಿದ್ದು ಎಷ್ಟು ಜನ ಅಂತ.”

“ಇಬ್ಬರು.”

“ಇಬ್ಬರು,” ಎಂದು ಅಡಿಕಿನಿ ನಿಯಮದಂತೆ ಗಟ್ಟಿಯಾಗಿ ಹೇಳಿದಳು. ಹಕ್ಕಿಯ ಹೆಸರಿಗೆಂದು ಬಿಟ್ಟ ಖಾಲಿ ಜಾಗದಲ್ಲಿ ಪೆನ್ನಿಟ್ಟು, ‘ಒಗೊಲ, ಮಗಾಕ್’ ಎಂದು ಬರೆದಳು. ಪಕ್ಕದ ಸಂಖ್ಯೆಯನ್ನು ತಿದ್ದಬೇಕಾಗಿರಲಿಲ್ಲ. ಜಾಗದ ಕಾಲಂ ಬೆಳಿಗ್ಗೆಯೇ ತುಂಬಿತ್ತು.