ಶೆಂಬಗಮ್ಮನ ಕೊನೆಯ ದನಿ

“ಇದರ ಬಾಯಿ ಮುಚ್ಚಿಸಿದ್ದು ಯಾರು ಸಾರ್?”

ಐದು ಕಂಪ್ಯೂಟರ್ ಡಿಸ್ಕುಗಳ ಪೆಟ್ಟಿಗೆಯನ್ನು ತಿರುವಿ ನೋಡುತ್ತ ಕದಿರವೇಲು ಕೇಳಿದ. ಚೆನ್ನೈನ ರಿಚಿ ಸ್ಟ್ರೀಟಿನ ಕೆಟ್ಟ ಡಿಸ್ಕುಗಳಿಂದ ಕಳೆದದ್ದನ್ನು ತೆಗೆದುಕೊಡುವ ಅವನ ಮಹಡಿ ಅಂಗಡಿಯಲ್ಲಿ ಫ್ಯಾನು ತಿರುಗುತ್ತಿದ್ದರೂ ಸಿನಿಮಾ ನಿರ್ದೇಶಕ ತಾಯುಮಾನವನ್ ಬೆವರುತ್ತಿದ್ದರು.

“ಕುಯ್ ಕುಯ್ ಅಂತಿತ್ತಪ್ಪಾ. ರೆಕಾರ್ಡಿಂಗ್ ಮಧ್ಯೆ ಕೇಳಿಸ್ತಿತ್ತು. ನಮ್ಮೋರು ನಿಲ್ಲಿಸಿಬಿಟ್ರು.”

“ಒಂದು ಡಿಸ್ಕು ಸತ್ತಿದೆ ಅಂತ ಅಳ್ತಿತ್ತು ಸಾರ್ ಅದು. ಅಳೋ ಮಗು ಬಾಯಿಗೆ ಬಟ್ಟೆ ತುರುಕಿದ್ರಿ. ಒಂದು ಹೋದ್ರೆ ಉಳಿದ ನಾಲ್ಕು ಅದರ ಭಾರ ಹೊರ್ತವೆ. ಈಗ ಎರಡನೆಯದೂ ಹೋಗಿದೆ, ಎಲ್ಲಾ ಕೂತುಬಿಟ್ಟಿವೆ.”

ಪೆಟ್ಟಿಗೆಯೊಳಗೆ ನಟಿ ಶೆಂಬಗಮ್ಮನ ದನಿಯಿತ್ತು. ಕೊನೆಯ ಚಿತ್ರಕ್ಕೆ ಮಾತು ಮುಗಿಸಿದ ತಿಂಗಳಲ್ಲೇ ಆಕೆ ತೀರಿಕೊಂಡಿದ್ದರು. ಹಟದ ಹೆಂಗಸು. ಡಬ್ಬಿಂಗ್ ಕೋಣೆಗೆ ಮಗಳು ಯಾಳಿನಿಯನ್ನು ಬಿಟ್ಟು ಯಾರನ್ನೂ ಸೇರಿಸುತ್ತಿರಲಿಲ್ಲ. ಯಂತ್ರದ ಗುಂಡಿ ಒತ್ತುತ್ತಿದ್ದವಳೂ ಅವಳೇ. ಆ ದನಿ ಸಿಗದಿದ್ದರೆ ಇನ್ಯಾರದೋ ಗಂಟಲನ್ನು ಸತ್ತವಳ ತುಟಿಗೆ ಅಂಟಿಸಬೇಕು.

ಯಾಳಿನಿ ಬಾಗಿಲಲ್ಲೇ ನಿಂತಿದ್ದಳು. ಕೂರೆಂದರೂ ಕೂರಲಿಲ್ಲ. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುವಳು, ಬಿಚ್ಚುವಳು.

“ಅಣ್ಣಾ, ಸಿದ್ಧ ಆಗಿದ್ದಷ್ಟೇ ತೆಗೆದುಕೊಡಿ,” ಎಂದು ಪಿಸುಗುಟ್ಟಿದಳು. “ಕಚ್ಚಾ ರೆಕಾರ್ಡಿಂಗ್ ಬೇಡ.”

“ಆರಿಸಿಕೊಳ್ಳೋಕೆ ಇದೇನು ಬದನೆಕಾಯಾ ತಾಯಿ? ಬಂದ್ರೆ ಅಳಿಸಿದ್ದೂ ಎದ್ದು ಬರುತ್ತೆ.”

ಅವಳ ಮುಖ ಬಿಳಚಿತು. “ಅಮ್ಮನಿಗೆ ಆಗ ಕೆಮ್ಮು... ಜನ ಕೇಳಬಾರದು.”

“ಕೆಮ್ಮಿದ್ರೂ ಅವರ ಕೆಮ್ಮೇ ಬೇಕು!” ತಾಯುಮಾನವನ್ ಸಿಡುಕಿದರು. “ಆ ಕಂಠದ ಕಾಲುಪಾಲು ನಿನಗೆ ಬಂದಿದ್ರೆ ನಾನ್ಯಾಕಮ್ಮಾ ಇಲ್ಲಿ ಬಂದು ಬೇಡ್ತಿದ್ದೆ?”

ಅವಳು ತಲೆ ತಗ್ಗಿಸಿದಳು.

ಮೊದಲು ಸತ್ತ ಡಿಸ್ಕನ್ನು ಕದಿರವೇಲು ಪಕ್ಕಕ್ಕಿಟ್ಟ. ಅದರಲ್ಲಿದ್ದದ್ದು ಅದು ಸತ್ತ ದಿನದವರೆಗಿನ ಹಳೇ ಸುದ್ದಿ. ಸೇರಿಸಿದರೆ ಹಾಲಿಗೆ ಹುಳಿ ಹಿಂಡಿದಂತೆ. ಎರಡನೆಯದಾಗಿ ಕೆಟ್ಟ ಡಿಸ್ಕನ್ನು ಬಿಚ್ಚಿ, ಅದೇ ಜಾತಿಯ ಇನ್ನೊಂದರಿಂದ ಓದುವ ಹೆಡ್ಡು ತೆಗೆದು ಕೂರಿಸಿ, ಉಸಿರು ಬಿಗಿಹಿಡಿದು ನಕಲು ತೆಗೆಯತೊಡಗಿದ. ನಡುನಡುವೆ ನಿಲ್ಲುತ್ತಿತ್ತು, ಮತ್ತೆ ಹೊರಡುತ್ತಿತ್ತು. ಯಾಳಿನಿ ದಿನವೂ ಬಂದಳು. “ಬಂತಾ ಅಣ್ಣಾ?” ಎನ್ನುವಾಗ, ಬರಲಿ ಎಂದು ಕೇಳುತ್ತಿದ್ದಾಳೋ ಬಾರದಿರಲಿ ಎಂದೋ ಅವನಿಗೆ ತಿಳಿಯುತ್ತಿರಲಿಲ್ಲ.

ಕೊನೆಗೂ ಬಂತು. ಗಿರಾಕಿಯ ಎದುರು ಒಂದು ಫೈಲು ತೆರೆದು ತೋರಿಸುವುದು ಅಂಗಡಿಯ ಪದ್ಧತಿ. ಸ್ಪೀಕರಿನಲ್ಲಿ ಶೆಂಬಗಮ್ಮ ಮಾತಾಡಿದರು. ಜೈಲಿಗೆ ಹೊರಟ ಮಗನನ್ನು ತಾಯಿ ಊಟಕ್ಕೆ ಕರೆಯುವ ದೃಶ್ಯ. ತಾಯುಮಾನವನ್ ಗಳಗಳ ಅತ್ತರು. ಯಾಳಿನಿಯ ತುಟಿ ಸದ್ದಿಲ್ಲದೆ ಆ ಮಾತಿನ ಜೊತೆಗೇ ಆಡುತ್ತಿತ್ತು.

“ಕಚ್ಚಾದ್ದೂ ಬಂತೇನಪ್ಪಾ? ನೆನಪಿಗೆ ಇಟ್ಕೋತೀನಿ,” ಎಂದರು ತಾಯುಮಾನವನ್ ಕಣ್ಣೊರೆಸಿಕೊಂಡು.

“ನೋಡ್ತೀನಿ ಸಾರ್.” ಕದಿರವೇಲು ಹೆಡ್‌ಫೋನ್ ಹಾಕಿಕೊಂಡು ಒಂದನ್ನು ತೆರೆದ. ಕೇಳಿದ. ಬಾಗಿಲತ್ತ ನೋಡಿದ. ಮತ್ತೆ ಮೊದಲಿನಿಂದ ಕೇಳಿದ.

“ಇಲ್ಲ ಸಾರ್. ಅವೆಲ್ಲ ಕೆಟ್ಟುಹೋಗಿವೆ,” ಎಂದು ಅಷ್ಟನ್ನೂ ಅಳಿಸಿಬಿಟ್ಟ.

ಅವನು ಕೇಳಿದ್ದು ಇಷ್ಟು: ಮುದಿಜೀವವೊಂದರ ಕೆಮ್ಮು, ದನಿಯೇ ಏಳದ ಗಂಟಲಿನ ಬರೀ ಗಾಳಿ, ಆಮೇಲೆ ಯಾಳಿನಿ, “ನೀನು ಸುಮ್ಮನೆ ಕೂತಿರಮ್ಮಾ, ಇದನ್ನೂ ನಾನೇ ಹೇಳ್ತೀನಿ”, ಮರುಗಳಿಗೆಯೇ, ಅದೇ ಬಾಯಿಂದ, ಶೆಂಬಗಮ್ಮ: “ಉಂಡು ಹೋಗೋ, ಮಗನೇ.”