ಚೌಕಾಸಿ ಮಾಡೋ ಯಂತ್ರ

ಮಾತಾಡೋ ಯಂತ್ರ ಪ್ರಪಂಚದಲ್ಲಿ ಸಾವಿರ ಇರಬಹುದು ಕಣ್ರೀ. ಚೌಕಾಸಿ ಮಾಡೋ ಯಂತ್ರ ಒಂದೇ. ಅದಿರೋದು ನಮ್ಮ ಸಾಫಿ ಊರಲ್ಲಿ, ಕಟ್ಟಿದ್ದು ನಮ್ಮ ಜವಾದ್. ಜಪಾನಿನವರು ಬೇಕಿದ್ರೆ ಬಂದು ಟ್ಯೂಷನ್ ತಗೊಳ್ಳಲಿ, ಫೀಸು ಆಮೇಲೆ ಮಾತಾಡೋಣ.

ಅವತ್ತು ನಗರಸಭೆಲಿ ಒಂದೇ ಚರ್ಚೆ: ಊರಿನ ವ್ಯಾಪಾರ, ತಂತ್ರಜ್ಞಾನ ಎರಡನ್ನೂ ಒಟ್ಟಿಗೆ ಮೇಲೆತ್ತೋದು ಹೇಗೆ? ಎತ್ತೋಕೆ ಕಾಸಾಬ್ಲಾಂಕಾದ ಒಂದು ಮೊಬೈಲ್ ಕಂಪನಿ ತೋಳೇರಿಸಿ ನಿಂತಿತ್ತು. ಕುಂಬಾರರ ಬೀದಿಯ ಮೂಲೆ ಮಳಿಗೆ ಬಿಟ್ಟುಕೊಟ್ರೆ ಸಾಕಂತೆ. ಆ ಮಳಿಗೇಲಿ ತಾಜಿನ್ ಮಡಕೆ ಮಾರ್ತಿದ್ದವಳು ಜವಾದ್‌ನ ಚಿಕ್ಕಮ್ಮ, ಲಲ್ಲಾ ತಾಮು. ಅವನನ್ನ ಸಾಕಿದ್ದೂ ಅವಳೇ, ದಿನಾ ಬೈಯೋದೂ ಅವಳೇ. ಅದಕ್ಕೇ ಜವಾದ್ ಬೀರು ಗಾತ್ರದ ಯಂತ್ರನ ಕತ್ತೆ ಗಾಡೀಲಿ ಹೇರ್ಕೊಂಡು ಸಭೆಗೇ ಎಂಟ್ರಿ ಕೊಟ್ಟ.

"ಪರದೆ ಮುಟ್ಟಿ, ಮಡಕೆ ಆರಿಸಿ, ದುಡ್ಡು ಹಾಕಿ, ಹೊರಡಿ. ಮಳಿಗೇನೂ ಉಳೀತು, ತಂತ್ರಜ್ಞಾನನೂ ಬಂತು!"

"ಮಾತಿಲ್ಲದೆ ವ್ಯಾಪಾರನಾ?" ಹಿಂದಿನ ಬೆಂಚಿಂದ ಚಿಕ್ಕಮ್ಮ ಗುರಾಯಿಸಿದ್ಲು. "ಇದು ಅಂಗಡಿನಾ ಇಲ್ಲ ಹೆಣ ಇಡೋ ಪೆಟ್ಟಿಗೆನಾ, ಮುಟ್ಠಾಳ?"

ಅಧ್ಯಕ್ಷರು ಹಾಜಿ ಬುವಜ್ಜಾ ಎದ್ದು ಬಂದು ಒಂದು ತಾಜಿನ್ ಮುಟ್ಟಿದ್ರು. ಪರದೆ ಮೇಲೆ ನೂರಿಪ್ಪತ್ತು ದಿರ್ಹಮ್.

"ಅರವತ್ತು," ಅಂದ್ರು ಹಾಜಿ.

ಪರದೆ ಕಣ್ಣು ಮಿಟುಕಿಸಲಿಲ್ಲ.

"ಎಪ್ಪತ್ತು. ನಿನ್ನ ಮುಖ ನೋಡಿ ಕೊಡ್ತಿದೀನಿ."

ನೂರಿಪ್ಪತ್ತು.

"ಹಾಗಾದ್ರೆ ನೀನೇ ಇಟ್ಕೋ!" ಹಾಜಿ ಬೆನ್ನು ತಿರುಗಿಸಿ ಬಾಗಿಲ ಕಡೆ ಹೊರಟ್ರು. ಸಾಫಿಲಿ ಮಗು ಕೂಡ ಹೀಗೇ ಹೊರಡುತ್ತೆ. ಅಂಗಡಿಯವನು ಕೂಗಿ ಕರೀಬೇಕು. ಹಾಜಿ ನಿಧಾನ ಮಾಡಿದ್ರು, ಇನ್ನೂ ನಿಧಾನ ಮಾಡಿದ್ರು. ಬಾಗಿಲಲ್ಲಿ ನಿಂತು, ಸರಿಯಾಗೇ ಇದ್ದ ಚಪ್ಪಲೀನ ಇನ್ನೊಂದ್ಸಲ ಸರಿ ಮಾಡ್ಕೊಂಡ್ರು. ಯಾರೂ ಕರೀಲಿಲ್ಲ. ಕರೀದೆ ವಾಪಸ್ ಬಂದ್ರೆ ಅಧ್ಯಕ್ಷರ ಮರ್ಯಾದೆ ಏನಾಗ್ಬೇಕು? ಹೊಸ್ತಿಲು ದಾಟಿದ್ರೆ ಮಳಿಗೆ ಕಾಸಾಬ್ಲಾಂಕಾ ಪಾಲು.

ಜವಾದ್ ಬೆವರು ಒರೆಸ್ಕೊಂಡ. "ತಂತಿ ಸಡಿಲ ಆಗಿರ್ಬೇಕು!" ಅಂತ ಯಂತ್ರದ ಹಿಂದಕ್ಕೆ ಓಡಿದ.

ಆಗ ಬಂತು ನೋಡಿ ಡೈಲಾಗ್!

"ಹಾಜೀ! ಕೋಪ ಮಾಡ್ಕೊಂಡು ಹೋಗ್ತಾರಾ ಯಾರಾದ್ರೂ? ಬನ್ನಿ ಇಲ್ಲಿ! ನಿಮಗೋಸ್ಕರ ನೂರು!"

ಯಂತ್ರನೇ ಕಣ್ರೀ! ಸಭೆ ಬಾಯಿ ಬಿಟ್ಕೊಂಡು ಕೂತ್ಬಿಡ್ತು.

"ಎಂಬತ್ತು," ಹಾಜಿ ತಿರುಗಿ ಕೂಡ ನೋಡಲಿಲ್ಲ.

"ನನ್ನ ಮಕ್ಕಳು ಮಣ್ಣು ತಿನ್ಬೇಕಾ ಹಾಜಿ?" ಯಂತ್ರ ಬಿಕ್ಕಿತು.

"ಅಯ್ಯೋ ಪಾಪ, ಮಕ್ಕಳೂ ಇದಾವಂತೆ," ಅಂತ ಒಬ್ಬ ಸದಸ್ಯ ಕಣ್ಣೊರೆಸ್ಕೊಂಡ.

ತೊಂಬತ್ತಕ್ಕೆ ಕುದುರಿತು. ಹಾಜಿ ತಾಜಿನ್ ಎತ್ತಿ ಹಿಡಿದ್ರು. "ಕಾಸಾಬ್ಲಾಂಕಾದವರ ಯಂತ್ರಕ್ಕೆ ಇಷ್ಟು ಸಂಸ್ಕಾರ ಇದೆಯೇನ್ರೀ?" ಎಲ್ಲಾ ಕೈನೂ ಮೇಲಕ್ಕೆದ್ದವು. ಮಳಿಗೆ ಉಳೀತು.

ಸರಿ, ಕೊಚ್ಕೊಂಡಿದ್ದು ಸಾಕು. ನಿಜ ಹೇಳ್ಬಿಡ್ತೀನಿ, ಕಾಸಾಬ್ಲಾಂಕಾದವರ ಕಿವಿಗೆ ಮಾತ್ರ ಹಾಕ್ಬೇಡಿ. ಆ ಯಂತ್ರಕ್ಕೆ ಬಾಯೇ ಇಲ್ಲ. ಜವಾದ್ ಹಿಂಬದಿ ಬಾಗಿಲು ತೆಗೆದು ಒಳಗೆ ಕುಕ್ಕರುಗಾಲಲ್ಲಿ ಕೂತಿದ್ದ. ಇವತ್ತಿಗೂ ಅಂಗಡಿ ತೆಗೆದಾಗಿಂದ ಮುಚ್ಚೋವರೆಗೆ ಅಲ್ಲೇ ಕೂತಿರ್ತಾನೆ. ಗಿರಾಕಿ ಇಲ್ಲದಾಗ ಚಿಕ್ಕಮ್ಮ ಒಂದು ಲೋಟ ಪುದೀನ ಚಹಾನ ಬೈಗುಳದ ಜೊತೆ ಹಿಂದಕ್ಕೆ ತಳ್ತಾಳೆ. ಖಾಲಿ ಲೋಟ ವಾಪಸ್ ಬರುತ್ತೆ.

ಹಾಜಿ ಬುವಜ್ಜಾನೂ ಶುಕ್ರವಾರ ನಮಾಜ್ ಮುಗಿಸಿ ತಪ್ಪದೆ ಬರ್ತಾರೆ. ಚೌಕಾಸಿ ಮಾಡ್ತಾರೆ, ಹೊರಟಂಗೆ ಮಾಡ್ತಾರೆ, ಕರೆಸ್ಕೊಳ್ತಾರೆ. ಆಮೇಲೆ ಸುತ್ತ ಒಂದ್ಸಲ ನೋಡಿ, ಯಂತ್ರದ ಅಡಿಯಿಂದ ಇಣುಕ್ತಿರೋ ಹಳದಿ ಚಪ್ಪಲಿ ತುದೀನ ಕಾಲಲ್ಲಿ ಮೆಲ್ಲಗೆ ಒಳಗೆ ತಳ್ಳಿ ಹೋಗ್ತಾರೆ.