ಷೇರು ಪತ್ರದ ಹೆಂಗಸು

ಗಾಜಿನ ಕೆಳಗಿದ್ದ ಆ ಷೇರು ಪತ್ರದ ಮುಂದೆ ಎಂಬತ್ತರ ಲೊರೆಟ್ಟಾ ಮತ್ತೆ ಬಂದು ನಿಂತಳು. ಷಿಕಾಗೋದ ಹಳೇ ಕಾಗದಪತ್ರ ಸಂಗ್ರಹಿಸುವವರ ಆ ಮೇಳದಲ್ಲಿ ಅವಳ ಕಾಲು ಬೇರೆಲ್ಲೂ ನಿಲ್ಲುತ್ತಿರಲಿಲ್ಲ. ಗಂಡಸರ ಪತ್ರಿಕೆ ನಡೆಸಿ ಮುಚ್ಚಿಹೋದ ಕಂಪನಿಯೊಂದರ ಪತ್ರ ಅದು. ಮೇಲ್ಗಡೆ ಬೆತ್ತಲೆ ಹೆಣ್ಣೊಬ್ಬಳು ಒರಗಿ ಮಲಗಿದ ಚಿತ್ರವಿತ್ತು.

"ಈ ಚಿತ್ರಕ್ಕಾಗೇ ಜನ ಒಂದೊಂದು ಷೇರು ಕೊಂಡು ಗೋಡೆಗೆ ಹಾಕ್ಕೊಂಡ್ರು ಅಮ್ಮಾವ್ರೇ. ಅಷ್ಟು ಜನರ ಲೆಕ್ಕ ಇಟ್ಟು ಬೇಸತ್ತ ಕಂಪನಿಯವರು ಆಮೇಲಿನ ಪತ್ರಗಳಲ್ಲಿ ಇವಳಿಗೆ ಬಟ್ಟೆ ತೊಡಿಸಿದ್ರು," ಎಂದು ಮಾರುವವನು ನಕ್ಕ. "ಇವಳು ಯಾರು ಅಂತ ಮಾತ್ರ ಯಾರಿಗೂ ಗೊತ್ತಿಲ್ಲ."

"ಥೂ, ನಡಿಯಮ್ಮ," ಎಂದು ಮಗಳು ಮಾರ್ಲೀನ್ ತೋಳು ಜಗ್ಗಿದಳು. "ಇದನ್ನ ಯಾವ ಗೋಡೆಗೆ ಹಾಕ್ತೀಯ? ಚರ್ಚಿನವರು ಮನೆಗೆ ಬಂದ್ರೆ?"

ಲೊರೆಟ್ಟಾ ಹಣ ಕೊಟ್ಟು ಪತ್ರವನ್ನು ಹೊರಗೆ ತೆಗೆಸಿದಳು. ಮಾರುವವನ ಜೇಬಿನಿಂದ ಪೆನ್ನು ಕಿತ್ತುಕೊಂಡಳು.

"ಅಯ್ಯೋ, ಅದರ ಮೇಲೆ ಗೀಚಬೇಡಿ! ಕಂಪನಿ ಅಧ್ಯಕ್ಷರ ರುಜು ಇದೆಯಲ್ಲ!"

"ಅವನದಿದೆ. ನನ್ನದಿಲ್ಲ."

ಮಾರ್ಲೀನ್ ಚಿತ್ರವನ್ನು ನೋಡಿದಳು, ತಾಯಿಯ ಮುಖವನ್ನು ನೋಡಿದಳು. ಮಗಳ ಮುಖ ಕಿವಿಗಳವರೆಗೂ ಕೆಂಪೇರಿತು. ಆಮೇಲೆ ತಾಯಿ ರುಜು ಹಾಕಲು ಬಾಗಿದಾಗ, ಪತ್ರ ಅಲುಗದಂತೆ ಅದರ ಎರಡೂ ಅಂಚುಗಳನ್ನು ಅದುಮಿ ಹಿಡಿದಳು.